ಅಪ್ಪ ಮಗನೂ ಅಲ್ಲ, ಅಣ್ಣ ತಮ್ಮನೂ ಅಲ್ಲ: ರೂಸ್‌ವೆಲ್ಟ್ ಮನೆತನದ ಕಥೆ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದ ಅಧ್ಯಕ್ಷರ ಪಟ್ಟಿ ನೋಡಿದ್ರೆ ರೂಸ್‌ವೆಲ್ಟ್ ಅನ್ನೋ ಹೆಸರು ಎರಡು ಸಲ ಸಿಗುತ್ತೆ, 1901ರಿಂದ 1909ರವರೆಗೆ ಥಿಯೋಡೋರ್, ಆಮೇಲೆ 1933ರಿಂದ 1945ರಲ್ಲಿ ತೀರಿಕೊಳ್ಳೋವರೆಗೂ ಫ್ರಾಂಕ್ಲಿನ್. ಇವರಿಬ್ರೂ ಅಪ್ಪ ಮಗ ಇರ್ಬೇಕು ಅಂದ್ಕೊಂಡೋರು ತುಂಬ ಜನ, ಅಣ್ಣ ತಮ್ಮ ಅಂದ್ಕೊಂಡೋರೂ ಇದಾರೆ, ಎರಡೂ ಅಲ್ಲ. ಇವರಿಬ್ಬರ ವಂಶ ಒಂದು ಕಡೆ ಸೇರ್ಬೇಕು ಅಂದ್ರೆ ಆರು ತಲೆಮಾರು ಹಿಂದಕ್ಕೆ ಹೋಗ್ಬೇಕು. ಇವತ್ತು ಆ ದಾರಿಲೇ ಒಂದು ಸುತ್ತು ಹೋಗಿ ಬರೋಣ.

ಮೂಲಪುರುಷನ ಹೆಸರು ಕ್ಲಾಸ್ ಮಾರ್ಟೆನ್ಸೆನ್ ವಾನ್ ರೋಸೆನ್‌ವೆಲ್ಟ್. ಮಾರ್ಟೆನ್ಸೆನ್ ಅಂದ್ರೆ ಮಾರ್ಟೆನ್‌ನ ಮಗ, ಆಗಿನ ಡಚ್ಚರಲ್ಲಿ ಹೆಚ್ಚಿನೋರು ಅಪ್ಪನ ಹೆಸರನ್ನೇ ಹೀಗೆ ಹಿಂದೆ ಹಾಕ್ಕೊಳ್ತಿದ್ರು, ಮನೆತನದ ಹೆಸರು ಎಲ್ಲರಿಗೂ ಇರ್ತಿರ್ಲಿಲ್ಲ, 1811ರಲ್ಲಿ ನೆಪೋಲಿಯನ್ ಆಡಳಿತ ಆಜ್ಞೆ ಹೊರಡಿಸಿದ ಮೇಲೇನೇ ಹಾಲೆಂಡ್‌ನಲ್ಲಿ ಪ್ರತಿಯೊಬ್ರೂ ಒಂದು ಸರ್‌ನೇಮ್ ರಿಜಿಸ್ಟರ್ ಮಾಡಿಸಬೇಕಾಗಿ ಬಂದಿದ್ದು. ವಾನ್ ರೋಸೆನ್‌ವೆಲ್ಟ್ ಅಂದ್ರೆ ಗುಲಾಬಿ ಹೊಲದ ಕಡೆಯೋನು ಅಂತ. ಹಾಲೆಂಡ್‌ನ ನೈರುತ್ಯಕ್ಕಿರೋ ಜೀಲೆಂಡ್ ಪ್ರಾಂತ್ಯದಲ್ಲಿ ಥೋಲೆನ್ ಅಂತ ಒಂದು ಕಡೆ ಇದೆ, ಅಲ್ಲಿನ ಔಡ್ ವೊಸೆಮೇರ್ ಅನ್ನೋ ಹಳ್ಳಿಯೋರು ರೂಸ್‌ವೆಲ್ಟ್‌ಗಳ ಮೂಲ ನಮ್ಮೂರೇ ಅಂತ ಹೆಮ್ಮೆಯಿಂದ ಹೇಳ್ಕೊಳ್ತಾರೆ. ಆದ್ರೆ ಕ್ಲಾಸ್ ಅಲ್ಲಿಂದಲೇ ಹಡಗು ಹತ್ತಿದ ಅನ್ನೋದಕ್ಕೆ ಗಟ್ಟಿ ದಾಖಲೆ ಸಿಕ್ಕಿಲ್ಲ. ಫ್ರಾಂಕ್ಲಿನ್ ಅವ್ರನ್ನ 1935ರಲ್ಲಿ ಒಬ್ಬ ಸಂಪಾದಕರು ನಿಮ್ಮ ಪೂರ್ವಜರು ಯಹೂದಿಗಳಾ ಅಂತ ಕೇಳಿದಾಗ ಅವ್ರು ಕೊಟ್ಟ ಉತ್ತರ ನಂಗೆ ಬಹಳ ಇಷ್ಟ: ಅವ್ರು ಯಹೂದಿಗಳೋ ಕ್ಯಾಥೊಲಿಕರೋ ಪ್ರೊಟೆಸ್ಟೆಂಟರೋ ಆಗಿದ್ದಿರಬಹುದು, ಒಳ್ಳೆ ಪ್ರಜೆಗಳಾಗಿದ್ರಾ, ದೇವರನ್ನ ನಂಬ್ತಿದ್ರಾ ಅನ್ನೋದೇ ನಂಗೆ ಮುಖ್ಯ ಅಂತ.

ಕ್ಲಾಸ್ ಬಂದಿಳಿದದ್ದು ನ್ಯೂ ಆಮ್‌ಸ್ಟರ್‌ಡ್ಯಾಮ್‌ಗೆ, ಅಂದ್ರೆ ಈಗಿನ ನ್ಯೂಯಾರ್ಕ್‌ಗೆ, ಆಗಿನ್ನೂ ಅದು ಡಚ್ಚರ ಕೈಲಿತ್ತು, 1664ರಲ್ಲಿ ಇಂಗ್ಲಿಷರು ಬಂದು ಹಿಡ್ಕೊಂಡ್ರು. 1652ರ ಹೊತ್ತಿಗೆ ಕ್ಲಾಸ್ ಸುಮಾರು 48 ಎಕರೆ ಜಮೀನು ಕೊಂಡ, ಈಗ ಎಂಪೈರ್ ಸ್ಟೇಟ್ ಬಿಲ್ಡಿಂಗ್ ನಿಂತಿದೆಯಲ್ಲ, ಅದರ ಸುತ್ತಮುತ್ತ. ಆಗ ಅದು ಊರಾಚೆಯ ತೋಟದ ಭೂಮಿ. ಆತನ ಹೆಂಡ್ತಿ ಯಾನೆಟ್ಯೆ. 1659ರ ಸುಮಾರಿಗೆ ಕ್ಲಾಸ್ ಸತ್ತ, ಮುಂದಿನ ವರ್ಷ ಯಾನೆಟ್ಯೆನೂ ಹೋದ್ಲು, ಉಳಿದದ್ದು ತಬ್ಬಲಿ ಮಕ್ಕಳು, ಅವ್ರಲ್ಲಿ ಒಬ್ಬನೇ ಗಂಡು ಹುಡುಗ ನಿಕೊಲಾಸ್, ವಯಸ್ಸು ಎರಡು. ರೂಸ್‌ವೆಲ್ಟ್ ಅನ್ನೋ ಹೆಸರು ಮುಂದಕ್ಕೆ ಹೋಗಿದ್ದು ಈ ಒಂದು ಕೂಸಿನಿಂದ. ಆತ ದೊಡ್ಡವನಾಗಿ ಹಡ್ಸನ್ ನದಿ ಕಡೆ ತುಪ್ಪಳದ ವ್ಯಾಪಾರ ಮಾಡ್ದ, ನ್ಯೂಯಾರ್ಕ್‌ಗೆ ವಾಪಸ್ ಬಂದು ನಗರಸಭೆ ಸದಸ್ಯನಾದ, ಹೆಸರಿನ ಮುಂದಿದ್ದ ವಾನ್ ಬಿಟ್ಟು ರೂಸ್‌ವೆಲ್ಟ್ ಅಂತ ಬರಿಯೋಕೆ ಶುರು ಮಾಡಿದ್ದೂ ಆತನೇ. ಉಚ್ಚಾರ ಮಾತ್ರ ನಾವು ಕನ್ನಡದಲ್ಲಿ ಬರಿಯೋ ಥರ ಅಲ್ಲ, ಮನೆಯೋರು ಹೇಳೋದು ರೋಸವೆಲ್ಟ್ ಅಂತ.

ನಿಕೊಲಾಸ್‌ಗೆ ಯೊಹಾನೆಸ್ ಮತ್ತೆ ಯಾಕೊಬಸ್ ಅಂತ ಇಬ್ರು ಗಂಡು ಮಕ್ಕಳು, 1689ರಲ್ಲಿ ಒಬ್ಬ, 1692ರಲ್ಲಿ ಇನ್ನೊಬ್ಬ ಹುಟ್ಟಿದ್ದು. ಕವಲು ಒಡೆದಿದ್ದೇ ಇಲ್ಲಿ. ಅಣ್ಣ ಯೊಹಾನೆಸ್ ಕಡೆಯೋರು ಮುಂದೆ ಲಾಂಗ್ ಐಲೆಂಡ್‌ನ ಆಯ್ಸ್ಟರ್ ಬೇಯಲ್ಲಿ ನೆಲೆಯಾಗಿ ಆಯ್ಸ್ಟರ್ ಬೇ ರೂಸ್‌ವೆಲ್ಟ್‌ಗಳಾದ್ರು, ಥಿಯೋಡೋರ್ ಈ ಕಡೆಯೋರು. ತಮ್ಮ ಯಾಕೊಬಸ್ ಕಡೆಯೋರು ಹಡ್ಸನ್ ದಡದ ಹೈಡ್ ಪಾರ್ಕ್ ಸೇರ್ಕೊಂಡ್ರು, ಫ್ರಾಂಕ್ಲಿನ್ ಅಲ್ಲಿಯೋರು. ಊರಿನ ಹೆಸರಿಂದ ಗುರುತಿಸೋದೆಲ್ಲ 19ನೇ ಶತಮಾನದ ಮಾತು, ಅದಕ್ಕೂ ಮುಂಚೆ ನೂರಕ್ಕೂ ಹೆಚ್ಚು ವರ್ಷ ಎರಡು ಕಡೆಯೋರೂ ನ್ಯೂಯಾರ್ಕ್‌ನಲ್ಲೇ ವ್ಯಾಪಾರ ಮಾಡ್ಕೊಂಡು, ಡಚ್ ಚರ್ಚಿಗೆ ಹೋಗ್ಕೊಂಡು ಇದ್ರು.

ಇಲ್ಲೊಂದು ಮಾತು ಹೇಳಲೇಬೇಕು, ಮನೆತನದ ಕಥೆ ಹೇಳೋರು ಇದನ್ನ ಬಿಟ್ಟುಬಿಡ್ತಾರೆ. 1741ರಲ್ಲಿ ನ್ಯೂಯಾರ್ಕ್‌ನ ಕೋಟೆಗೆ ಬೆಂಕಿ ಬಿತ್ತು, ಊರಲ್ಲಿ ಗುಲಾಮರೆಲ್ಲ ಪಿತೂರಿ ಮಾಡಿದಾರೆ ಅಂತ ಸುದ್ದಿ ಹಬ್ಬಿ, ಸರಿಯಾದ ಸಾಕ್ಷಿ ಇಲ್ದೆ 30ಕ್ಕೂ ಹೆಚ್ಚು ಜನರನ್ನ ಕೊಂದ್ರು. ಅವ್ರಲ್ಲೊಬ್ಬ ಕ್ವಾಕ್ ಅನ್ನೋ ಆಫ್ರಿಕನ್, ಜಾನ್ ರೂಸ್‌ವೆಲ್ಟ್ ಅನ್ನೋರ ಗುಲಾಮ. ಮೇ 30ರಂದು ಆತನನ್ನ ಕಂಬಕ್ಕೆ ಕಟ್ಟಿ ಜೀವಂತ ಸುಟ್ರು. ವಿಚಾರಣೆಯ ದಾಖಲೆಯಲ್ಲಿ ಆತನಿಗೆ ಅಪ್ಪನ ಹೆಸರಿಲ್ಲ, ಊರಿಲ್ಲ, ರೂಸ್‌ವೆಲ್ಟ್‌ರ ಕ್ವಾಕ್ ಅಂತಷ್ಟೇ ಇದೆ. ಒಂದೇ ಹೆಸರು ಒಬ್ಬರಿಗೆ ವಂಶ, ಇನ್ನೊಬ್ಬನಿಗೆ ಮಾಲೀಕನ ಗುರುತು. ಈ ಮನೆತನದ ಚರಿತ್ರೆ ಬರೆದ್ರೆ ಕ್ವಾಕ್‌ಗೂ ಅದರಲ್ಲಿ ಜಾಗ ಇರ್ಬೇಕು ಅಂತ ನಾನು ನಂಬಿದೀನಿ.

ಮುಂದಿನ ತಲೆಮಾರುಗಳ ಬಗ್ಗೆ ಬೇಗ ಬೇಗ ಹೇಳ್ಬಿಡ್ತೀನಿ. ತಮ್ಮನ ಕಡೆ ಐಸಾಕ್ ರೂಸ್‌ವೆಲ್ಟ್ ಸಕ್ಕರೆ ಸಂಸ್ಕರಣೆ ಮಾಡಿ ದುಡ್ಡು ಮಾಡಿದ್ರು, ಸ್ವಾತಂತ್ರ್ಯ ಹೋರಾಟದ ಪರ ನಿಂತ್ರು, 1788ರಲ್ಲಿ ನ್ಯೂಯಾರ್ಕ್ ರಾಜ್ಯ ಅಮೆರಿಕದ ಸಂವಿಧಾನ ಒಪ್ಕೊಂಡ ಸಭೆಯಲ್ಲಿ ಇದ್ರು. ಅಣ್ಣನ ಕಡೆ ಇನ್ನೊಬ್ಬ ನಿಕೊಲಾಸ್, ಈತ ಸ್ಟೀಮ್‌ಬೋಟ್ ಕಟ್ಟಿದಾತ. 1811ರ ಅಕ್ಟೋಬರ್‌ನಲ್ಲಿ ನ್ಯೂ ಆರ್ಲಿಯನ್ಸ್ ಅನ್ನೋ ದೋಣಿ ಪಿಟ್ಸ್‌ಬರ್ಗ್‌ನಿಂದ ಹೊರಟಿತು, ಮಿಸಿಸಿಪ್ಪಿ ನದಿಲಿ ಓಡಿದ ಮೊದಲ ಸ್ಟೀಮ್‌ಬೋಟ್ ಅದು, ಜೊತೆಗೆ ಹೆಂಡ್ತಿ ಲಿಡಿಯಾ, ತುಂಬು ಬಸುರಿ. ಬೇಡ ಅಂದೋರ ಮಾತು ಕೇಳದೆ ಹೊರಟ ಲಿಡಿಯಾಗೆ ಲೂಯಿವಿಲ್‌ನಲ್ಲಿ ಹೆರಿಗೆ ಆಯ್ತು, ಆಕಾಶದಲ್ಲಿ ಧೂಮಕೇತು, ಡಿಸೆಂಬರ್‌ನಲ್ಲಿ ಭಯಂಕರ ಭೂಕಂಪ, ನದಿ ದಡಗಳೇ ಕುಸಿದು ಬೀಳ್ತಿರೋವಾಗ ಎಳೇ ಕೂಸನ್ನ ಇಟ್ಕೊಂಡು ಆಕೆ ನ್ಯೂ ಆರ್ಲಿಯನ್ಸ್ ಊರು ಮುಟ್ಟಿದ್ಲು. ವಂಶವೃಕ್ಷದಲ್ಲಿ ನಿಕೊಲಾಸ್ ಹೆಸರು ದೊಡ್ಡದಾಗಿ ಇರುತ್ತೆ, ಲಿಡಿಯಾ ಹೆಸರು ಪಕ್ಕದಲ್ಲಿ ಸಣ್ಣದಾಗಿ. ಗಂಡಸರ ಗೆರೆ ಮಾತ್ರ ಎಳೆದು ಕವಲು ಲೆಕ್ಕ ಹಾಕಿದ್ರೆ ಈ ಮನೆತನ ಅರ್ಥನೇ ಆಗಲ್ಲ, ಇದನ್ನ ನಾನು ಜೋರಾಗಿ ಹೇಳ್ತೀನಿ.

ಇನ್ನೂ ಒಂದು ಉದಾಹರಣೆ ಕೊಡ್ತೀನಿ. ಅಮೆರಿಕದ ನೌಕಾಪಡೆಯ ಸಹಾಯಕ ಕಾರ್ಯದರ್ಶಿ ಅನ್ನೋ ಒಂದೇ ಹುದ್ದೆಲಿ ಈ ಮನೆತನದ ಐದು ಜನ ಕೂತಿದಾರೆ, ಥಿಯೋಡೋರ್, ಫ್ರಾಂಕ್ಲಿನ್, ಥಿಯೋಡೋರ್ ಮಗ ಟೆಡ್ ಜೂನಿಯರ್, ಹೆನ್ರಿ ಲ್ಯಾಟ್ರೋಬ್ ರೂಸ್‌ವೆಲ್ಟ್, ಇನ್ನೊಬ್ಬರು ಥಿಯೋಡೋರ್ ಡಗ್ಲಸ್ ರಾಬಿನ್ಸನ್. ರಾಬಿನ್ಸನ್ ಥಿಯೋಡೋರ್ ಅವರ ತಂಗಿ ಕೊರಿನ್ನ ಮಗ, ಹೆಣ್ಣುಮಗಳ ಮಗ ಅಂತ ಸರ್‌ನೇಮ್ ಬದಲಾಗಿರೋದ್ರಿಂದ ಎಷ್ಟೋ ಪಟ್ಟಿಗಳಲ್ಲಿ ಬಿಟ್ಟೇ ಹೋಗ್ತಾರೆ.

ಈಗ ಒಂದು ಫೋಟೋ ವಿಷ್ಯ. 1865ರ ಏಪ್ರಿಲ್‌ನಲ್ಲಿ ಲಿಂಕನ್ ಅವರ ಶವಯಾತ್ರೆ ನ್ಯೂಯಾರ್ಕ್‌ನ ಬ್ರಾಡ್‌ವೇಲಿ ಸಾಗ್ತಿರೋ ಚಿತ್ರ ಅದು. ಎಡಗಡೆಗೆ ಒಂದು ದೊಡ್ಡ ಮನೆ, ಕೊರ್ನೆಲಿಯಸ್ ರೂಸ್‌ವೆಲ್ಟ್ ಅವ್ರದ್ದು, ಎರಡನೇ ಮಹಡಿ ಕಿಟಕಿಲಿ ಇಬ್ರು ಪುಟ್ಟ ಹುಡುಗ್ರು ಇಣುಕಿ ನೋಡ್ತಿದಾರೆ, ಆರು ವರ್ಷದ ಥಿಯೋಡೋರ್ ಮತ್ತೆ ಅವನ ತಮ್ಮ ಎಲಿಯಟ್. ಅಣ್ಣ ಮುಂದೆ ಅಧ್ಯಕ್ಷನಾದ್ರು. ತಮ್ಮ ಎಲಿಯಟ್ ಕುಡಿತಕ್ಕೆ ಬಿದ್ದು 1894ರಲ್ಲೇ ತೀರಿಕೊಂಡ್ರು, ಅವರ ಮಗಳೇ ಎಲಿನಾರ್. ಇದೇ ಎಲಿಯಟ್ ಹೈಡ್ ಪಾರ್ಕ್‌ನ ಫ್ರಾಂಕ್ಲಿನ್‌ಗೆ ಗಾಡ್‌ಫಾದರ್, ಅಂದ್ರೆ ಕ್ರೈಸ್ತರಲ್ಲಿ ಮಗುವಿನ ದೀಕ್ಷಾಸ್ನಾನದ ವೇಳೆ ಅದರ ಹೊಣೆ ಹೊರೋರು, ಆಗಿದ್ರು, ಎರಡು ಕವಲುಗಳ ನಡುವೆ ಓಡಾಟ, ವಿಶ್ವಾಸ ಎಲ್ಲ ಚೆನ್ನಾಗೇ ಇತ್ತು.

ಆ ಕಿಟಕಿಯ ಮನೆ ಯಜಮಾನ ಕೊರ್ನೆಲಿಯಸ್ ಅಂದ್ರೆ ಈ ಹುಡುಗರ ತಾತ, ಅವರ ಬಾಲ್ಯದ ಒಂದು ಘಟನೆಯನ್ನ ಥಿಯೋಡೋರ್ ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದಾರೆ. ಭಾನುವಾರ ಎರಡನೇ ಸಲದ ಉದ್ದನೆಯ ಉಪದೇಶ ಕೇಳಿ ಬೇಜಾರಾಗಿದ್ದ ಹುಡುಗ ಚರ್ಚಿಂದ ಓಡಿ ಬಂದ್ರೆ ಬೀದಿಲಿ ಹಂದಿಗಳ ಗುಂಪು, ಆಗ ನ್ಯೂಯಾರ್ಕ್ ಬೀದಿಲಿ ಹಂದಿ ತಿರುಗಾಡ್ತಿದ್ವು, ಒಂದು ದಪ್ಪ ಗಂಡು ಹಂದಿ ಬೆನ್ನ ಮೇಲೆ ಹತ್ತಿ ಕೂತ, ಅದು ಚರ್ಚಿಂದ ಹೊರಬರ್ತಿದ್ದ ಜನರ ಮಧ್ಯಾನೇ ನುಗ್ಗಿ ಓಡ್ತು. ಥಿಯೋಡೋರ್‌ಗೆ ಡಚ್ ಭಾಷೆ ಅಂತ ಉಳಿದಿದ್ದು ಒಂದು ಶಿಶುಪ್ರಾಸ ಮಾತ್ರ, ಅದನ್ನೇ ಪೂರ್ವ ಆಫ್ರಿಕಾದಲ್ಲಿ ಬೋಯರ್ ಜನರ ಮುಂದೆ, ಅಂದ್ರೆ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದೋರ ಮುಂದೆ, ಹೇಳಿದ್ರೆ ಅವ್ರಲ್ಲೂ ಕೆಲವರಿಗೆ ಅದು ಗೊತ್ತಿತ್ತಂತೆ!

1905ರ ಮಾರ್ಚ್ 17, ನ್ಯೂಯಾರ್ಕ್‌ನಲ್ಲಿ ಎಲಿನಾರ್ ಮತ್ತೆ ಫ್ರಾಂಕ್ಲಿನ್ ಮದುವೆ. ನಮ್ಮ ಲೆಕ್ಕದಲ್ಲಿ ನೋಡಿದ್ರೆ ಇವ್ರು ದಾಯಾದಿಗಳು, ಅದರಲ್ಲೂ ತಲೆಮಾರು ಎಣಿಸಿದ್ರೆ ಫ್ರಾಂಕ್ಲಿನ್ ಆಕೆಗೆ ವರಸೆಲಿ ಚಿಕ್ಕಪ್ಪ ಆಗ್ತಾರೆ, ನಮ್ಮ ಹಿರಿಯರು ಇದಕ್ಕೆ ಒಪ್ತಿರ್ಲಿಲ್ಲ. ಅಲ್ಲಿ ಐದಾರು ತಲೆಮಾರು ದೂರ ಆದ್ಮೇಲೆ ಅದು ಲೆಕ್ಕಕ್ಕೇ ಇಲ್ಲ. ಅಪ್ಪ ಇಲ್ಲದ ಮದುಮಗಳ ಕೈ ಹಿಡಿದು ಕರ್ಕೊಂಡು ಬಂದಿದ್ದು ದೊಡ್ಡಪ್ಪ ಥಿಯೋಡೋರ್, ಆಗ ಅವ್ರು ಹಾಲಿ ಅಧ್ಯಕ್ಷರು, ಹೆಸರು ಮನೆಯೊಳಗೇ ಉಳೀತಲ್ಲ ಅಂತ ಫ್ರಾಂಕ್ಲಿನ್‌ಗೆ ಹೇಳಿದ್ರಂತೆ. ಆಮೇಲೆ ನೆಂಟರೆಲ್ಲ ಅಧ್ಯಕ್ಷರ ಹಿಂದೆ ಹೋಗಿ ಮದುಮಕ್ಕಳಿಬ್ರೇ ಉಳ್ಕೊಂಡ್ರು.

ಮದುವೆಯಿಂದ ಕೂಡಿದ ಕವಲುಗಳು ರಾಜಕೀಯದಿಂದ ಮುನಿಸ್ಕೊಂಡ್ವು. ಥಿಯೋಡೋರ್ ಕಡೆಯೋರು ರಿಪಬ್ಲಿಕನ್, ಫ್ರಾಂಕ್ಲಿನ್ ಡೆಮೊಕ್ರಾಟ್. 1920ರಲ್ಲಿ ಫ್ರಾಂಕ್ಲಿನ್ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ ಇವರಿಗೆ ನಮ್ಮ ಮನೆತನದ ಮುದ್ರೆ ಇಲ್ಲ ಅಂತ ಟೆಡ್ ಜೂನಿಯರ್ ಭಾಷಣ ಮಾಡಿದ್ರು. 1924ರಲ್ಲಿ ಟೆಡ್ ನ್ಯೂಯಾರ್ಕ್ ಗವರ್ನರ್ ಚುನಾವಣೆಗೆ ನಿಂತ್ರು, ಆಗ ಟೀಪಾಟ್ ಡೋಮ್ ಅನ್ನೋ ತೈಲ ಹಗರಣದ ಕಾಲ, ಟೆಡ್ ಅದರಲ್ಲಿ ತಪ್ಪು ಮಾಡಿರ್ಲಿಲ್ಲ, ಆದ್ರೂ ಎಲಿನಾರ್ ಕಾರಿನ ಮೇಲೆ ಆವಿ ಉಗುಳೋ ದೊಡ್ಡ ಟೀಪಾಟ್ ಕಟ್ಟಿಸ್ಕೊಂಡು ಟೆಡ್ ಹೋದ ಕಡೆಯೆಲ್ಲ ಬೆನ್ನತ್ತಿ ಹೋದ್ರು. ಸ್ವಂತ ದೊಡ್ಡಪ್ಪನ ಮಗನ ವಿರುದ್ಧ! ಟೆಡ್ ಸೋತ್ರು, ಅದು ಒರಟು ಕೆಲಸ ಆಗಿತ್ತು ಅಂತ ಎಲಿನಾರ್ ಅವ್ರೇ ಮುಂದೆ ಬರ್ಕೊಂಡ್ರು. 1932ರಲ್ಲಿ ಫ್ರಾಂಕ್ಲಿನ್ ಅಧ್ಯಕ್ಷಗಿರಿಗೆ ನಿಂತಾಗ ಜನ ಥಿಯೋಡೋರ್ ಅವರ ಪತ್ನಿ ಎಡಿತ್ ಅವ್ರಿಗೆ ನಿಮ್ಮ ಮಗನಿಗೆ ಅಭಿನಂದನೆ ಅಂತ ಕಾಗದ ಬರೆದ್ರಂತೆ, ಎಡಿತ್ ಎದುರು ಪಕ್ಷದ ಹೂವರ್ ಅವರ ಸಭೆಲೇ ಹೋಗಿ ಕೂತ್ರು.

ಆದ್ರೂ ಹಳೇ ಬೇರು ಬಿಟ್ಟುಹೋಗಿರ್ಲಿಲ್ಲ. ಫ್ರಾಂಕ್ಲಿನ್ ನಾಲ್ಕು ಸಲವೂ ಪ್ರಮಾಣವಚನ ತಗೊಂಡಿದ್ದು 1686ರಲ್ಲಿ ಅಚ್ಚಾದ, ಮನೆತನದ ಡಚ್ ಭಾಷೆಯ ಬೈಬಲ್ ಮೇಲೆ ಕೈಯಿಟ್ಟು, ಕೊರಿಂಥದವರಿಗೆ ಬರೆದ ಮೊದಲನೇ ಪತ್ರಿಕೆಯ 13ನೇ ಅಧ್ಯಾಯ ತೆರೆದು. 1944ರ ಜೂನ್ 6ರಂದು ಫ್ರಾನ್ಸ್‌ನ ನಾರ್ಮಂಡಿ ದಡದಲ್ಲಿ ಮೊದಲ ಅಲೆಯ ಸೈನಿಕರ ಜೊತೆ ಊರುಗೋಲು ಹಿಡ್ಕೊಂಡೇ ಇಳಿದ ಜನರಲ್ ಅದೇ ಟೆಡ್ ಜೂನಿಯರ್, 56 ವರ್ಷ. ಮುಂದಿನ ತಿಂಗಳೇ ಹೃದಯಾಘಾತದಿಂದ ತೀರಿಕೊಂಡ್ರು, ಅವ್ರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವ ಮೆಡಲ್ ಆಫ್ ಆನರ್ ಬಂದಾಗ ಅಧ್ಯಕ್ಷರಾಗಿದ್ದದ್ದು ಫ್ರಾಂಕ್ಲಿನ್.

ಹಾಲೆಂಡ್ ಕಡೆಯೋರೂ ಈ ಹೆಸರನ್ನ ಮರೆತಿಲ್ಲ. ಜೀಲೆಂಡ್‌ನ ರಾಜಧಾನಿ ಮಿಡಲ್‌ಬರ್ಗ್‌ನಲ್ಲಿ ರೂಸ್‌ವೆಲ್ಟ್ ಹೆಸರಿನ ಅಧ್ಯಯನ ಕೇಂದ್ರ ಇದೆ. ಫ್ರಾಂಕ್ಲಿನ್ 1941ರ ಜನವರಿಯ ಭಾಷಣದಲ್ಲಿ ಹೇಳಿದ ನಾಲ್ಕು ಸ್ವಾತಂತ್ರ್ಯಗಳಿವೆಯಲ್ಲ, ಮಾತಿನ ಸ್ವಾತಂತ್ರ್ಯ, ಆರಾಧನೆಯ ಸ್ವಾತಂತ್ರ್ಯ, ಬಡತನದಿಂದ ಬಿಡುಗಡೆ, ಭಯದಿಂದ ಬಿಡುಗಡೆ, ಅವುಗಳ ಹೆಸರಲ್ಲಿ 1982ರಿಂದ ಆ ಊರಲ್ಲಿ ಪ್ರಶಸ್ತಿ ಕೊಡ್ತಾ ಬಂದಿದಾರೆ. 2002ರಲ್ಲಿ ಅದನ್ನ ತಗೊಳ್ಳೋಕೆ ನೆಲ್ಸನ್ ಮಂಡೇಲಾ ಅಲ್ಲಿಗೇ ಬಂದಿದ್ರು. ನಮಸ್ಕಾರ.