ಎರಡು ಸಲ ಮುಳುಗಿದ ದೋಣಿ

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ಕೂತು ಕಡಲ ದೋಣಿಯ ಮಾತೇಕೆ ಅನ್ನಬಹುದು. ನಮಗೆ ಕಡಲು ಅಂದರೆ ಬೆಳಿಗ್ಗೆ ಗೇಟಿನ ಹತ್ತಿರ ಹಾರ್ನ್ ಹೊಡೆಯುವ ಮೀನಿನ ಗಾಡಿ, ಅಷ್ಟೇ ಅಲ್ವಾ? ಆ ಗಾಡಿಯ ಮತ್ತಿ ಮೀನಿನಿಂದಲೇ ಶುರು ಮಾಡುತ್ತೇನೆ.

ಮತ್ತಿಗೆ ಅಮೆರಿಕದ ಪಡುವಣ ಕಡಲಲ್ಲಿ ಒಬ್ಬ ದೂರದ ನೆಂಟನಿದ್ದಾನೆ. ಅವನನ್ನು ಹಿಡಿಯಲು 1937ರಲ್ಲಿ ಅಲ್ಲಿನ ಟಕೋಮಾ ಊರಿನಲ್ಲಿ ಒಂದು ಮರದ ದೋಣಿ ಕಟ್ಟಿದರು. ಹೆಸರು ವೆಸ್ಟರ್ನ್ ಫ್ಲೈಯರ್. 1940ರಲ್ಲಿ ಜೀವವಿಜ್ಞಾನಿ ಎಡ್ ರಿಕೆಟ್ಸ್, ಅವರ ಗೆಳೆಯ ಸಾಹಿತಿ ಜಾನ್ ಸ್ಟೈನ್‌ಬೆಕ್ ಅದನ್ನು ಬಾಡಿಗೆಗೆ ಹಿಡಿದು ಮಾಂಟೆರಿ ಎಂಬ ಊರಿನಿಂದ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಗೆ ಹೋದರು. ಹೋಗಿ ಬರಲು ಸುಮಾರು ಆರು ವಾರ. ನೀರು ಇಳಿದಾಗ ಬಂಡೆ ಸಂದಿಯಲ್ಲಿ ಏಡಿ, ನಕ್ಷತ್ರಮೀನು ಹುಡುಕುವುದೇ ಕೆಲಸ. ಯಾವ ಜೀವಿ ಯಾವುದರ ಜೊತೆ, ಎಂಥ ಜಾಗದಲ್ಲಿ ಬದುಕುತ್ತದೆ ಅಂತ ನೋಡುವುದು ರಿಕೆಟ್ಸ್ ಅವರ ದಾರಿ.

ಆಮೇಲೆ ದೋಣಿ ಕೈಯಿಂದ ಕೈಗೆ ಹೋಯಿತು. ಹೆಸರೂ ಬದಲಾಯಿತು. 2012ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಮುಳುಗಿತು. ಮೇಲೆತ್ತಿದಾಗ ಒಳಗೆಲ್ಲ ಕೆಸರು. 2015ರಲ್ಲಿ ಜಾನ್ ಗ್ರೆಗ್ ಎಂಬುವರು ಕೊಂಡರು. ಪೋರ್ಟ್ ಟೌನ್‌ಸೆಂಡ್‌ನ ಬಡಗಿಗಳು ವರ್ಷಗಟ್ಟಲೆ ಕೂತು ಕೊಳೆತ ಹಲಗೆ ತೆಗೆದು ಹೊಸದು ಕೂರಿಸಿದರು. ಡೀಸೆಲ್ ಜೊತೆ ವಿದ್ಯುತ್ತಿನಿಂದಲೂ ಓಡುವ ಏರ್ಪಾಡು ಮಾಡಿದರು. 2023ರಲ್ಲಿ ಅದು ಮಾಂಟೆರಿಗೆ ಮರಳಿತು. ಈಗ ಅದರ ಕೆಲಸ ಮಕ್ಕಳಿಗೆ ಕಡಲ ಪಾಠ ಹೇಳುವುದು.

ಇಷ್ಟೆಲ್ಲ ಬದಲಾದ ಮೇಲೆ ಅದು ಹಳೇ ದೋಣಿಯೇ? ನಮ್ಮ ಮನೆತನದ ಮೂಲ ಮನೆ, ಐನ್‌ಮನೆ ನೋಡಿ. ಹಂಚು ಬದಲಾಯಿತು, ಜಂತಿ ಬದಲಾಯಿತು, ಒಂದು ಕಂಬವನ್ನೂ ಬದಲಿಸಿದೆವು. ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ಹಚ್ಚುತ್ತಿದ್ದೇವೆ, ಹಾಗಾಗಿ ಅದು ಐನ್‌ಮನೆಯೇ. ಸುಮ್ನೆ ಗಾಜಿನ ಕೋಣೆಯಲ್ಲಿ ಇಟ್ಟಿದ್ದರೆ ಆ ದೋಣಿಯ ಬಗ್ಗೆ ನನಗೆ ಇಷ್ಟು ಪ್ರೀತಿ ಬರುತ್ತಿರಲಿಲ್ಲ.

ಇನ್ನು ನಮಗೂ ಕಡಲಿಗೂ ಏನು ಸಂಬಂಧ? ನಮ್ಮ ಕೊಡಗಿನ ಬಾರಪೊಳೆ ನದಿಯ ನೀರು ಕೇರಳಕ್ಕಿಳಿದು ಅರಬ್ಬಿ ಕಡಲಿಗೆ, ಕಾವೇರಿಯದ್ದು ಬಂಗಾಳ ಕೊಲ್ಲಿಗೆ. ಕಾವೇರಿಯ ಹಾವುಮೀನು ಮೊಟ್ಟೆ ಇಡಲು ಕಡಲಿಗೇ ಹೋಗಬೇಕು. ನಡುವೆ ಕೆಆರ್‌ಎಸ್, ಮೆಟ್ಟೂರು ಅಣೆಕಟ್ಟೆಗಳು. ಇದನ್ನು ನಮ್ಮ ಮಕ್ಕಳಿಗೆ ಹೊಳೆಯ ಮೇಲೆ ಕೂರಿಸಿಯೇ ಹೇಳಬೇಕು ಅಂತ ನನ್ನ ಆಸೆ.

ಕುಶಾಲನಗರದ ಕಡೆ ನಮ್ಮ ಮಾವನ ಕೊಟ್ಟಿಗೆಯಲ್ಲಿ ಹಳೇ ಹರಿಗೋಲೊಂದು ಬೋರಲು ಬಿದ್ದಿದೆ. ಬಿದಿರಿನ ಹೆಣಿಗೆ ಗಟ್ಟಿಯಾಗಿದೆ, ತಳದ ಹೊದಿಕೆ ಹರಿದಿದೆ. ಹೊಸ ಹೊದಿಕೆ ಕಟ್ಟಿ ಟಾರು ಬಳಿಯಬೇಕು. ಮಳೆ ಕಳೆದು ಹೊಳೆ ತಿಳಿಯಾದ ಮೇಲೆ ಇಳಿಸೋಣ ಅಂದೆ. ಮಾವ ಒಪ್ಪಿದ್ದಾರೆ. ಮಕ್ಕಳ ಲೈಫ್ ಜಾಕೆಟ್ ಮಾತ್ರ ನೀನೇ ತರಬೇಕು ಅಂದಿದ್ದಾರೆ.