ಬಿಸಿನೀರು ಸ್ನಾನ ಮಾಡಿದರೆ ಕಣ್ಣು ಮಂಜಾಗುವುದು ಯಾಕೆ? ಎಂಎಸ್ ಇರುವವರ ಮನೆಮಂದಿ ನೋಡಬೇಕಾದ ವಿಡಿಯೋ

ನಮಸ್ಕಾರ. ಇವತ್ತಿನ ವಿಡಿಯೋ ಹುಟ್ಟಿದ್ದು ಒಬ್ಬ ವೀಕ್ಷಕರು ಕಳಿಸಿದ ಪ್ರಶ್ನೆಯಿಂದ. ಅವರ ಓರಗಿತ್ತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಅಂದರೆ ಎಂಎಸ್. ಅವರು ಬರೆದದ್ದನ್ನು ಓದುತ್ತೇನೆ.

"ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾಳೆ. ನಗುನಗುತ್ತಾ ಮಾತಾಡುತ್ತಾಳೆ. ಸ್ನಾನಕ್ಕೆ ಹೋದವಳು ಗೋಡೆ ಹಿಡಿದುಕೊಂಡು ಹೊರಗೆ ಬರುತ್ತಾಳೆ. ಕಣ್ಣು ಮಂಜು ಅಕ್ಕ, ಕಾಲು ಎತ್ತೋಕೆ ಆಗ್ತಿಲ್ಲ ಅನ್ನುತ್ತಾಳೆ. ಒಂದು ಗಂಟೆ ಮಲಗಿದರೆ ಮತ್ತೆ ಸರಿ. ಅಡುಗೆ ಹೊತ್ತಿಗೆ ಸರಿಯಾಗಿ ಹೀಗಾಗುತ್ತಲ್ಲ ಅಂತ ನಮ್ಮತ್ತೆಗೆ ಅನುಮಾನ. ಇದು ನಿಜಕ್ಕೂ ಆಗುತ್ತಾ?"

ಆಗುತ್ತದೆ. ನೂರಕ್ಕೆ ನೂರು ಆಗುತ್ತದೆ. 1890ರಲ್ಲೇ ಒಬ್ಬ ಜರ್ಮನ್ ಕಣ್ಣಿನ ಡಾಕ್ಟರು ಇದನ್ನು ಬರೆದಿಟ್ಟಿದ್ದಾರೆ. ಅವರ ವಿಷಯಕ್ಕೆ ಬರುತ್ತೇನೆ. ಮೊದಲು ಕಾಯಿಲೆ ಏನು ಅಂತ ಬೇಗ ಬೇಗ ಹೇಳಿಬಿಡುತ್ತೇನೆ.

[ಪರದೆಯ ಮೇಲೆ: ಮಿದುಳು, ಬೆನ್ನುಹುರಿ, ಕಣ್ಣಿನ ನರದ ಚಿತ್ರ]

ನಮ್ಮ ಮಿದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳಲ್ಲಿರುವ ನರತಂತುಗಳ ಸುತ್ತ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಹೊದಿಕೆಯ ಮೇಲೆ ಬಿದ್ದು ಅಲ್ಲಲ್ಲಿ ಹಾಳು ಮಾಡುತ್ತದೆ. ಕಣ್ಣಿನ ನರದಲ್ಲಿ ಹಾಳಾದರೆ ಕಣ್ಣು ಮಂಜು. ಬೆನ್ನುಹುರಿಯಲ್ಲಾದರೆ ಕಾಲು ಜೋಮು, ಬಿಗಿತ, ಮೂತ್ರಕ್ಕೆ ಅವಸರ. ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದಂತಾಗುವುದೂ ಉಂಟು. ಹಾಗಾಗಿಯೇ ಒಬ್ಬರ ಎಂಎಸ್ ಇನ್ನೊಬ್ಬರ ಎಂಎಸ್‌ನಂತೆ ಇರುವುದಿಲ್ಲ. ಪ್ಯಾರಿಸ್ಸಿನ ಶಾರ್ಕೋ ಅನ್ನುವ ಡಾಕ್ಟರು 1868ರಲ್ಲೇ ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸಿದರು. ಪ್ರಪಂಚದಲ್ಲಿ ಸುಮಾರು 28 ಲಕ್ಷಕ್ಕೂ ಜಾಸ್ತಿ ಜನರಿಗೆ ಇದೆ. ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಅಂಟುರೋಗ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಯಾರ ಕಣ್ಣು ಬಿದ್ದೂ ಬಂದದ್ದಲ್ಲ, ಸೊಸೆಯ ಕಾಲ್ಗುಣವೂ ಅಲ್ಲ.

ಸರಿ, ಈಗ ನನಗೆ ತುಂಬಾ ಕುತೂಹಲ ಹುಟ್ಟಿಸಿದ ವಿಷಯಕ್ಕೆ ಬರೋಣ.

ಆ ಜರ್ಮನ್ ಡಾಕ್ಟರ ಹೆಸರು ವಿಲ್ಹೆಲ್ಮ್ ಊಟ್‌ಹಾಫ್. ಎಂಎಸ್ ಇರುವ ಕೆಲವರು ಸ್ವಲ್ಪ ಹೊತ್ತು ನಡೆದಾಡಿದರೆ ಸಾಕು, ಅವರ ಕಣ್ಣು ಮಂಜಾಗುತ್ತಿತ್ತು. ಕೂತು ಸುಧಾರಿಸಿಕೊಂಡರೆ ಮತ್ತೆ ಮೊದಲಿನಂತೆ ಕಾಣುತ್ತಿತ್ತು. ಮೈದಣಿವೇ ಕಾರಣ ಅಂತ ಅವರು ಅಂದುಕೊಂಡರು. ಅಸಲಿ ಕಾರಣ ಮೈಯೊಳಗೆ ಏರುವ ಶಾಖ ಅಂತ ಗೊತ್ತಾಗಿದ್ದು ಆಮೇಲೆ.

ಅದು ಎಷ್ಟು ಖಚಿತವಾಯಿತು ಅಂದರೆ, ಡಾಕ್ಟರುಗಳು ಇದನ್ನೇ ಒಂದು ಪರೀಕ್ಷೆ ಮಾಡಿಕೊಂಡರು! ಎಂಎಸ್ ಇರಬಹುದು ಅಂತ ಅನುಮಾನ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಮೈ ಬಿಸಿಯಾದಂತೆ ಕಣ್ಣು ಮಂಜಾಗುತ್ತದಾ, ಕೈಕಾಲಿನ ಬಲ ಕುಗ್ಗುತ್ತದಾ ಅಂತ ನೋಡುತ್ತಿದ್ದರು. 1980ರ ದಶಕದಲ್ಲಿ ಎಂಆರ್‌ಐ ಬಂದ ಮೇಲೆ ಈ ಪರೀಕ್ಷೆ ಮೂಲೆಗೆ ಸರಿಯಿತು. ಅದರಿಂದ ಕೆಲವರಿಗೆ ತೊಂದರೆಯೂ ಆಗಿತ್ತು. ಹಾಗಾಗಿ ದಯವಿಟ್ಟು ಯಾರೂ ಮನೆಯಲ್ಲಿ ಇದನ್ನು ಮಾಡಿ ನೋಡಬೇಡಿ.

ಸ್ವಲ್ಪ ಯೋಚನೆ ಮಾಡಿ. ಆಸ್ಪತ್ರೆಯಲ್ಲಿ ರೋಗ ಪತ್ತೆಗೆ ಬಳಸುತ್ತಿದ್ದ ಬಿಸಿನೀರನ್ನು ನಮ್ಮ ಮನೆಗಳಲ್ಲಿ ದಿನಾ ಬೆಳಗ್ಗೆ ಮೈಮೇಲೆ ಹುಯ್ದುಕೊಳ್ಳುತ್ತೇವೆ. ದೀಪಾವಳಿಗೆ ಎಣ್ಣೆ ಹಚ್ಚಿ, ಹಂಡೆ ತುಂಬಾ ಸುಡುಸುಡು ನೀರು ಕಾಯಿಸಿ, "ಇನ್ನೊಂದು ಚೊಂಬು ಹಾಕ್ಕೋ, ಮೈ ಹಗುರಾಗತ್ತೆ" ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಎಂಎಸ್ ಇರುವವರಿಗೆ ಆ ಇನ್ನೊಂದು ಚೊಂಬೇ ಭಾರವಾಗಬಹುದು. ಮೈಯೊಳಗಿನ ತಾಪ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಕೆಲವರಿಗೆ ಲಕ್ಷಣ ಶುರುವಾಗುತ್ತದೆ. ಜ್ವರ ಅಂತ ಥರ್ಮಾಮೀಟರ್ ಕೂಡ ಹೇಳದಷ್ಟು ಸಣ್ಣ ಏರಿಕೆ ಅದು.

ಯಾಕೆ ಹೀಗೆ? ಮನೆಗೆ ಮೋಲ್ಡ್ ಹಾಕುವ ದಿನ ನೆನಪು ಮಾಡಿಕೊಳ್ಳಿ. ಕೆಳಗಿನಿಂದ ಮೇಲಿನವರೆಗೆ ಕೂಲಿಯವರು ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ ಅಲ್ವಾ? ಮೈಲಿನ್ ಹೊದಿಕೆ ಚೆನ್ನಾಗಿರುವ ನರದಲ್ಲಿ ಸಂಕೇತ ಹೀಗೇ ಹೋಗುತ್ತದೆ. ಹೊದಿಕೆಯ ನಡುನಡುವೆ ಸಣ್ಣ ಬಿಡುವು ಇರುತ್ತದೆ, ಆ ಒಂದು ಬಿಡುವಿನಿಂದ ಇನ್ನೊಂದಕ್ಕೆ ಸಂಕೇತ ನೆಗೆಯುತ್ತದೆ. ಅದರ ವೇಗ ಸೆಕೆಂಡಿಗೆ 100 ಮೀಟರ್‌ವರೆಗೂ ಹೋಗುತ್ತದೆ. ಹೊದಿಕೆಯೇ ಇಲ್ಲದ ನರದಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ.

ಈಗ ಸಾಲಿನ ಮಧ್ಯೆ ಒಬ್ಬರು ಇಲ್ಲ ಅಂದುಕೊಳ್ಳಿ. ಪಕ್ಕದವರು ಮೈ ಬಗ್ಗಿಸಿ, ಕೈ ಚಾಚಿ, ಹೇಗೋ ಬಾಂಡ್ಲಿಯನ್ನು ಆಚೆಯವರಿಗೆ ಮುಟ್ಟಿಸುತ್ತಾರೆ. ಕೆಲಸ ನಡೆಯುತ್ತದೆ. ಬೆಳಗ್ಗೆ ರಂಗೋಲಿ ಬಿಡುವಾಗ ಆ ಹೆಣ್ಣುಮಗಳ ನರಗಳು ಮಾಡುತ್ತಿರುವುದು ಇದನ್ನೇ. ಶಾಖ ಏರಿದಾಗ ಏನಾಗುತ್ತದೆ ಅಂದರೆ, ಸಾಲಿನಲ್ಲಿ ಎಲ್ಲರೂ ಬಾಂಡ್ಲಿಯನ್ನು ಕೈಯಲ್ಲಿ ಹಿಡಿದಿರುವ ಹೊತ್ತು ಕಡಿಮೆಯಾಗುತ್ತದೆ. ನರದಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲುಗಳು ಬಿಸಿಗೆ ಬೇಗ ಮುಚ್ಚಿಕೊಳ್ಳುತ್ತವೆ, ಸಂಕೇತ ಚುಟುಕಾಗುತ್ತದೆ. ಪಕ್ಕದಲ್ಲೇ ಜನ ಇದ್ದರೆ ಅದರಿಂದ ಏನೂ ತೊಂದರೆ ಇಲ್ಲ. ನಡುವೆ ಜಾಗ ಖಾಲಿ ಇರುವ ಕಡೆ, ಆಚೆಯವರು ಹಿಡಿಯುವ ಮೊದಲೇ ಈಚೆಯವರು ಕೈ ಬಿಟ್ಟಿರುತ್ತಾರೆ. ಬಾಂಡ್ಲಿ ಅಲ್ಲೇ ಬಿತ್ತು. ಕಣ್ಣು ನೋಡಿದ್ದು ಮಿದುಳಿಗೆ ಪೂರ್ತಿ ತಲುಪಲಿಲ್ಲ. ಎದ್ದು ನಿಲ್ಲು ಅಂತ ಮಿದುಳು ಹೇಳಿದ್ದು ಕಾಲಿಗೆ ತಲುಪಲಿಲ್ಲ. ಮೈ ತಣ್ಣಗಾದರೆ ಸಾಲು ಮತ್ತೆ ಕೆಲಸಕ್ಕೆ ನಿಲ್ಲುತ್ತದೆ.

ಇದು ನಾಟಕ ಅಲ್ಲ. ಒಂದು ಗಂಟೆಯಲ್ಲಿ ಸರಿಹೋಗುವುದು ಈ ಕಾಯಿಲೆಯ ಸ್ವಭಾವ, ಅವಳ ಸ್ವಭಾವ ಅಲ್ಲ. ಅಡುಗೆ ಹೊತ್ತಿಗೇ ಯಾಕೆ ಅಂದರೆ, ಸ್ನಾನದಿಂದ ಬಿಸಿಯಾದ ಮೈಯಲ್ಲೇ ಅವಳು ಒಲೆ ಮುಂದೆ ನಿಲ್ಲಬೇಕಲ್ಲ!

ಹಾಗಾದರೆ ಮನೆಯವರು ಏನು ಮಾಡಬಹುದು? ನೀರು ಉಗುರುಬೆಚ್ಚಗಿರಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಕೈ ಜೋಮು ಹಿಡಿದವರಿಗೆ ನೀರು ಎಷ್ಟು ಬಿಸಿ ಅಂತ ಗೊತ್ತೇ ಆಗದಿರಬಹುದು, ಮೈ ಸುಟ್ಟುಕೊಳ್ಳಬಹುದು. ಹಾಗಾಗಿ ಬಕೆಟ್‌ಗೆ ಕೈ ಅದ್ದಿ ನೋಡುವ ಕೆಲಸ ಮನೆಯ ಇನ್ನೊಬ್ಬರದು. ಬಚ್ಚಲಲ್ಲಿ ಒಂದು ಗಟ್ಟಿ ಸ್ಟೂಲ್ ಇಡಿ, ಜಾರದಂಥದ್ದು. ಒಳಗಿನಿಂದ ಚಿಲಕ ಹಾಕುವುದು ಬೇಡ. ಬಾಗಿಲು ಸುಮ್ನೆ ಮುಂದಕ್ಕೆ ಎಳೆದುಕೊಂಡರೆ ಸಾಕು, ಹೊರಗಿರುವವರು ಕಾವಲಿಗಿರಲಿ. ಹೊರಗೆ ಬಂದ ತಕ್ಷಣ ಫ್ಯಾನ್ ಕೆಳಗೆ ಕೂರಲಿ, ತಣ್ಣೀರು ಕುಡಿಯಲಿ, ಕತ್ತಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಳ್ಳಲಿ. ಒಲೆ ಮುಂದಿನ ಕೆಲಸ ಬೇರೆಯವರು ಮಾಡಿ, ತರಕಾರಿ ಹೆಚ್ಚುವುದು, ಅವರೆಕಾಳು ಬಿಡಿಸುವುದು ಅವರಿಗಿರಲಿ, ಅವರು ಮಾಡುತ್ತೇನೆ ಅಂದರೆ. ಕಲಬುರಗಿ, ರಾಯಚೂರು ಕಡೆಯವರಿಗೆ ಏಪ್ರಿಲ್ ಮೇ ಎರಡು ತಿಂಗಳೂ ಕಷ್ಟವೇ. ಆ ತಿಂಗಳಲ್ಲಿ ಮದುವೆಗೆ ಹೋಗಲೇಬೇಕು ಅಂದರೆ ಛತ್ರದಲ್ಲಿ ಕೂಲರ್ ಎಲ್ಲಿದೆ, ಶೌಚಾಲಯ ಎಷ್ಟು ದೂರ ಅಂತ ಮೊದಲೇ ಹೋಗಿ ನೋಡಿ ಬರುವ ಒಬ್ಬ ಅಣ್ಣನೋ ತಮ್ಮನೋ ಬೇಕು.

ಒಂದು ಎಚ್ಚರಿಕೆ. ಬಂದು ಹೋಗುವುದೆಲ್ಲ ಶಾಖದ್ದೇ ಅಂತ ಸುಮ್ಮನಿರಬೇಡಿ. ಹೊಸ ಲಕ್ಷಣ ಒಂದು 24 ಗಂಟೆ ಕಳೆದರೂ ಹೋಗಲಿಲ್ಲ ಅಂದರೆ ಅದು ಹೊಸ ದಾಳಿ ಇರಬಹುದು, ಅಂದರೆ ರೋಗನಿರೋಧಕ ವ್ಯವಸ್ಥೆ ಮತ್ತೆ ಮೈಲಿನ್ ಮೇಲೆ ಬಿದ್ದಿರಬಹುದು, ಡಾಕ್ಟರಿಗೆ ತಿಳಿಸಿ. ಜ್ವರ ಇದ್ದರೆ, ಉರಿಮೂತ್ರ ಇದ್ದರೆ ಅದನ್ನೂ ಹೇಳಿ. ಸೋಂಕಿನಿಂದಲೂ ಹಳೆಯ ಲಕ್ಷಣ ತಲೆ ಎತ್ತುತ್ತದೆ.

ಇನ್ನು ಸುಸ್ತು. ಎಂಎಸ್ ಇರುವವರಲ್ಲಿ ಬಹುಪಾಲು ಜನರನ್ನು ಕಾಡುವುದು ಇದೇ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ದರೂ ಮೈ ಏಳುವುದಿಲ್ಲ. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಮುಖದಲ್ಲೂ ಕಾಣುವುದಿಲ್ಲ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುವ ಮಾತು ಅವರಿಗೆ ಎಷ್ಟು ಚುಚ್ಚುತ್ತದೆ ಅಂತ ಹೇಳಿದವರಿಗೆ ಗೊತ್ತಿರುವುದಿಲ್ಲ. ಹಾಗಂತ ಎಲ್ಲ ಕೆಲಸವನ್ನೂ ಕೈಯಿಂದ ಕಿತ್ತುಕೊಳ್ಳುವುದೂ ಸರಿಯಲ್ಲ. "ನೀನು ಕೂತ್ಕೋ, ನಿನ್ನ ಕೈಲಿ ಆಗಲ್ಲ" ಅಂತ ದಿನಾ ಕೇಳುವವರು ಮನೆಯಲ್ಲಿ ಅತಿಥಿಯಾಗಿಬಿಡುತ್ತಾರೆ. "ಇವತ್ತು ಏನು ಆಗತ್ತೆ, ಏನು ಆಗಲ್ಲ?" ಅಂತ ಬೆಳಗ್ಗೆ ಕೇಳಿ. ನಾಳೆ ಉತ್ತರ ಬೇರೆ ಇರುತ್ತದೆ, ನಾಳೆಯೂ ಕೇಳಿ.

ಇಲ್ಲಿ ನನಗೆ ಅಗಸ್ಟಸ್ ಡಿ'ಎಸ್ಟೆ ನೆನಪಾಗುತ್ತಾರೆ. ಇಂಗ್ಲೆಂಡಿನ ರಾಜ ಮೂರನೇ ಜಾರ್ಜ್‌ನ ಮೊಮ್ಮಗ. ಎಂಎಸ್ ಅಂತ ಇವತ್ತು ನಾವು ಗುರುತಿಸಬಹುದಾದ ಕಾಯಿಲೆಯನ್ನು ಸ್ವತಃ ಅನುಭವಿಸಿ ಡೈರಿಯಲ್ಲಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು. 1822ರ ಡಿಸೆಂಬರ್‌ನಲ್ಲಿ ತುಂಬಾ ಬೇಕಾದವರೊಬ್ಬರನ್ನು ನೋಡಲು ಸ್ಕಾಟ್ಲೆಂಡಿಗೆ ಹೋದರು. ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅಂತ್ಯಕ್ರಿಯೆ ಆದ ಕೆಲವೇ ದಿನಕ್ಕೆ ಕಣ್ಣು ಮಂಜಾಯಿತು. ಬಂದ ಕಾಗದಗಳನ್ನು ಇನ್ನೊಬ್ಬರು ಓದಿ ಹೇಳಬೇಕಾಯಿತು, ಉತ್ತರವನ್ನೂ ಅವರೇ ಬರೆಯಬೇಕಾಯಿತು. ಆಮೇಲೆ ಕಣ್ಣು ತಾನಾಗಿಯೇ ಸರಿಹೋಯಿತು. ಕಾಯಿಲೆಗೆ ಆಗ ಹೆಸರಿಲ್ಲ, ಮದ್ದಿಲ್ಲ. ಕಾಗದ ಓದಿ ಹೇಳುವವರು ಮಾತ್ರ ಇದ್ದರು. ಈಗ ಮದ್ದು ಬಂದಿದೆ, ಓದಿ ಹೇಳುವವರು ಈಗಲೂ ಬೇಕು.

ಮದುವೆ, ಮಕ್ಕಳ ವಿಷಯ. ನಾನು ನೇರವಾಗಿ ಹೇಳುತ್ತೇನೆ: ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಬೇಡಿ. ಗಂಡನ ಮನೆಯಲ್ಲಿ ಮಾತ್ರೆ ಬಚ್ಚಿಟ್ಟುಕೊಂಡು ನುಂಗುವ ಪಾಡು ಯಾವ ಹೆಣ್ಣುಮಗಳಿಗೂ ಬರಬಾರದು. ಎಂಎಸ್ ಇದ್ದವರು ತಾಯಿಯಾಗಬಹುದು. ಕೆಲವು ಔಷಧಿ ಮೊದಲೇ ನಿಲ್ಲಿಸಬೇಕಾಗುತ್ತದೆ, ಹಾಗಾಗಿ ಡಾಕ್ಟರ ಜೊತೆ ಮಾತಾಡಿಯೇ ಮುಂದುವರಿಯಬೇಕು. ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡು ಮೂರರಷ್ಟು ಮಾತ್ರ. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳು ದಾಳಿಗಳು ತುಂಬಾ ಕಡಿಮೆಯಾದದ್ದು ಕಂಡುಬಂತು. ಹೆರಿಗೆಯಾದ ಮೇಲಿನ ಮೂರು ತಿಂಗಳು ಮಾತ್ರ ಜಾಸ್ತಿಯಾದವು.

ಆ ಮೂರು ತಿಂಗಳು ನಮ್ಮಲ್ಲಿ ಏನು ನಡೆಯುತ್ತದೆ? ಬಾಣಂತನ. ಕಿಟಕಿ ಮುಚ್ಚಿದ ಕೋಣೆ, ತಲೆಗೆ ಕಿವಿಗೆ ಬಟ್ಟೆ, ಮೈಮೇಲೆ ಹಂಡೆಗಟ್ಟಲೆ ಸುಡುನೀರು, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕಾವು. ಜೊತೆಗೆ ಮಗುವಿನಿಂದ ನಿದ್ದೆಗೇಡು. ದಾಳಿಯ ಭಯ ಜಾಸ್ತಿ ಇರುವ ಹೊತ್ತಿನಲ್ಲೇ ಲಕ್ಷಣ ಕೆರಳಿಸುವ ಶಾಖ ಕೊಡುತ್ತೇವೆ. ನಿಜವಾದ ದಾಳಿ ಬಂದರೂ "ಬಾಣಂತಿ ಸುಸ್ತು" ಅಂತ ಕಳೆದುಹೋಗಬಹುದು. ಅಜ್ಜಿಯಂದಿರೇ, ಅಮ್ಮಂದಿರೇ, ನಿಮ್ಮ ಬಾಣಂತನದ ಪ್ರೀತಿ ಇರಲಿ. ನೀರಿನ ಬಿಸಿ ಕಡಿಮೆಯಾಗಲಿ, ಕಿಟಕಿ ತೆರೆಯಲಿ, ರಾತ್ರಿ ಒಂದು ಹೊತ್ತು ಮಗುವನ್ನು ನೀವು ಎತ್ತಿಕೊಂಡು ಅವಳಿಗೆ ನಿದ್ದೆ ಕೊಡಿ.

ವಿಡಿಯೋ ಉದ್ದವಾಗುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ದಾಳಿ ಬಂದಾಗ ಸಾಮಾನ್ಯವಾಗಿ ಮೂರರಿಂದ ಐದು ದಿನ ಸ್ಟೀರಾಯ್ಡ್ ಡ್ರಿಪ್ ಕೊಡುತ್ತಾರೆ. ದಾಳಿ ಮತ್ತೆ ಬರದಂತೆ ತಡೆಯುವ ಔಷಧಿಗಳು 1993ರಿಂದ ಒಂದೊಂದಾಗಿ ಬಂದಿವೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ರಿಟುಕ್ಸಿಮ್ಯಾಬ್ ಸೇರಿ ಮೂರು ಔಷಧಿಗಳನ್ನು ಎಂಎಸ್‌ಗಾಗಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಚೆನ್ನಾಗಿದ್ದೇನೆ ಅಂತ ಇವುಗಳನ್ನು ನಿಲ್ಲಿಸಬಾರದು. ಚೆನ್ನಾಗಿರುವುದಕ್ಕೆ ಅವೂ ಒಂದು ಕಾರಣ.

ಡಾಕ್ಟರ ಹತ್ತಿರ ಹೋಗುವಾಗ ಮನೆಯವರೊಬ್ಬರು ಜೊತೆಗೆ ಹೋಗಿ. ಎಸಿ ಕೋಣೆಯಲ್ಲಿ ಕೂತಾಗ ಲಕ್ಷಣ ಕಾಣಿಸದೇ ಇರಬಹುದು. ಸ್ನಾನ ಆದ ಮೇಲೆ ನಡೆಯುವುದನ್ನು, ಅವರ ಒಪ್ಪಿಗೆ ಕೇಳಿ, ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು ತೋರಿಸಿ. ಯಾವ ದಿನ ಏನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆರೈಕೆ ಮಾಡುವವರೇ, ನಿಮಗೂ ವಾರದಲ್ಲಿ ಒಂದು ಮಧ್ಯಾಹ್ನ ಬಿಡುವು ಬೇಕು, ಅದನ್ನು ಕೇಳಿ ಪಡೆಯಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಎಂಎಸ್ ಹೆಸರು ಹಿಡಿದೇ ಸೇರಿದೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಮೀಸಲಾತಿಯಂಥ ಸೌಲಭ್ಯಗಳಿಗೆ ದಾರಿಯಾಗುತ್ತದೆ. ತಪಾಸಣೆಗೆ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ. 1985ರಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲೂ ಶಾಖೆ ಇದೆ. ಇದೇ ಕಾಯಿಲೆ ಇರುವ ಬೇರೆಯವರು, ಅವರ ಮನೆಯವರು ಅಲ್ಲಿ ಮಾತಿಗೆ ಸಿಗುತ್ತಾರೆ.

ಪ್ರಶ್ನೆ ಕಳಿಸಿದ ಅಕ್ಕ, ಈ ವಿಡಿಯೋವನ್ನು ಅತ್ತೆಯವರ ಜೊತೆ ಕೂತು ನೋಡಿ. ಅವರಿಗೆ ಏನಾದರೂ ಕೇಳಬೇಕಿದ್ದರೆ ಬರೆದು ಕಳಿಸಿ, ಮುಂದಿನ ವಿಡಿಯೋದಲ್ಲಿ ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ನಮಸ್ಕಾರ.