ಮೊಹರು ಮತ್ತು ಬರೆಹ

(ಬೀದರಿನ ಪದವಿ ಕಾಲೇಜೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಪ್ರಾಂಶುಪಾಲರೆ, ಅಧ್ಯಾಪಕ ಬಂಧುಗಳೆ, ವಿದ್ಯಾರ್ಥಿ ಮಿತ್ರರೆ,

ಕಳೆದ ವಾರ ನಿಮ್ಮ ಅಧ್ಯಾಪಕರು ಅರವತ್ತು ಅಸೈನ್‌ಮೆಂಟುಗಳ ಕಟ್ಟನ್ನು ನನ್ನ ಕೈಗಿತ್ತು, ಇವನ್ನು ಓದಿ ಬಂದು ಬರವಣಿಗೆಯ ಮೊದಲ ಪಾಠಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕೇಳಿಕೊಂಡರು. ಎಲ್ಲದರ ವಿಷಯವೂ ಬಿದರಿ ಕಲೆ. ಅರ್ಧಕ್ಕಿಂತ ಹೆಚ್ಚಿನವು ‘ಬಿದರಿ ಕಲೆಯು ವಿಶ್ವಪ್ರಸಿದ್ಧವಾಗಿದೆ’ ಎಂಬ ಒಂದೇ ವಾಕ್ಯದಿಂದ ಆರಂಭವಾಗುತ್ತವೆ. ಬೈಯಲು ಬಂದವನು ನಾನಲ್ಲ. ನನ್ನ ತಪ್ಪನ್ನೇ ಮೊದಲು ಒಪ್ಪಿಸಿಬಿಡುತ್ತೇನೆ. ಪದವಿಯ ಮೊದಲ ವರ್ಷದಲ್ಲಿ ನಾನೂ ಗೈಡು ನೋಡಿ ಒಂದು ಪ್ರಬಂಧವನ್ನು ಇಳಿಸಿದ್ದೆ. ಎಷ್ಟು ನಿಷ್ಠೆಯಿಂದ ಇಳಿಸಿದ್ದೆನೆಂದರೆ, ‘ಮೇಲಿನ ಚಿತ್ರದಲ್ಲಿ ತೋರಿಸಿರುವಂತೆ’ ಎಂಬ ಮಾತನ್ನೂ ಬಿಟ್ಟಿರಲಿಲ್ಲ. ನಮ್ಮ ಗುರುಗಳು ಆ ಸಾಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ‘ಚಿತ್ರ ಎಲ್ಲಿ?’ ಎಂದಷ್ಟೇ ಬರೆದರು.

ಈ ಊರಿನಲ್ಲಿ ನಿಂತು ಬರವಣಿಗೆಯ ಮಾತೆತ್ತುವವನು ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನನನ್ನು ದಾಟಿ ಹೋಗುವಂತಿಲ್ಲ. ಚೌಬಾರದಿಂದ ಕೋಟೆಯ ಕಡೆಗೆ ನಡೆಯುವಾಗ ಕಾಣುವ, ಒಂದೇ ಮಿನಾರು ಉಳಿದಿರುವ ಮದರಸಾ 1472ರಲ್ಲಿ ಅವನು ಕಟ್ಟಿಸಿದ್ದೆಂಬುದು ನಿಮಗೆ ಗೊತ್ತು. ಆದರೆ ಇರಾನಿನ ಗೀಲಾನಿನಿಂದ ಬಂದ ಈ ವಜೀರನು ಪತ್ರಲೇಖನದಲ್ಲಿ ಹೆಸರಾದವನು, ಗದ್ಯವನ್ನು ಹೇಗೆ ಬರೆಯಬೇಕೆಂದು ಪಾರಸಿಯಲ್ಲಿ ಗ್ರಂಥವನ್ನೇ ರಚಿಸಿದವನು ಎಂಬುದನ್ನು ಬಲ್ಲವರು ಕಡಿಮೆ. ಅಂಥವನ ಪ್ರಾಣ ಹೋದದ್ದು ಅವನು ಬರೆಯದೇ ಇದ್ದ ಒಂದು ಪತ್ರದಿಂದ. ಅವನ ಆಡಳಿತ ಸುಧಾರಣೆಗಳಿಂದ ಅಧಿಕಾರ ಕುಗ್ಗಿದ ಸರದಾರರು, ಮೊಹರು ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದವೊಂದರ ಮೇಲೆ ಗವಾನನ ಮೊಹರನ್ನು ಒತ್ತಿಸಿದರು. ಕಾಗದ ಖಾಲಿ ಇತ್ತು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ. ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಆಮೇಲೆ ತುಂಬಿದರು. ಸುಲ್ತಾನ ಮೂರನೆಯ ಮಹಮ್ಮದ ಶಾಹ ಅದನ್ನು ಮುಂದಿಟ್ಟು ಕೇಳಿದಾಗ, ಮೊಹರು ತನ್ನದು, ಬರೆಹ ತನ್ನದಲ್ಲ ಎಂಬರ್ಥದ ಉತ್ತರವನ್ನು ಮುಪ್ಪಿನ ವಜೀರನು ಕೊಟ್ಟನೆಂದು ಚರಿತ್ರೆಕಾರರು ಹೇಳುತ್ತಾರೆ. 1481ರ ಏಪ್ರಿಲ್‌ನಲ್ಲಿ ಅವನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ತೀರಿಕೊಂಡನು.

ಗವಾನನ ಮೊಹರನ್ನು ದುರುಪಯೋಗ ಮಾಡಿದವರು ಅವನ ವೈರಿಗಳು. ನಾವಾದರೋ ರಟ್ಟಿನ ಮೇಲೆ ನಮ್ಮ ಹೆಸರು, ರಿಜಿಸ್ಟರ್ ನಂಬರು ಬರೆದು, ಒಳಗೆ ಗೈಡಿನದೋ ಮೊಬೈಲಿನದೋ ಒಕ್ಕಣೆಯನ್ನು ತುಂಬಿದಾಗ, ಖಾಲಿ ಕಾಗದದ ಮೇಲೆ ನಮ್ಮ ಮೊಹರನ್ನು ನಾವೇ ಒತ್ತಿ ಕೊಡುತ್ತೇವೆ. ಕೃತಿಚೌರ್ಯದ ಬಗ್ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಶೇಕಡ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಇದನ್ನು ಒಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ‘ಹಾಗಾದರೆ ಶೇಕಡ 10 ಕದಿಯಬಹುದೇ, ಸರ್?’ ಎಂದು ಕೇಳಿದ. ವಾಣಿಜ್ಯ ವಿಭಾಗದವನು, ಲೆಕ್ಕದಲ್ಲಿ ತಪ್ಪಿರಲಿಲ್ಲ.

ಈಗ ‘ವಿಶ್ವಪ್ರಸಿದ್ಧ’ದ ವಿಚಾರ. ಆ ವಾಕ್ಯವನ್ನು ಯಾರೂ ಅಲ್ಲಗಳೆಯಲಾರರು. ಆದ್ದರಿಂದಲೇ ಅದರಿಂದ ಪ್ರಬಂಧ ಹುಟ್ಟುವುದಿಲ್ಲ. ಓದುವವರು ‘ಹೌದೇ?’ ಎಂದು ತಲೆಯೆತ್ತುವಂಥ ಒಂದು ಮಾತು ಬೇಕು. ಅರವತ್ತರ ಕಟ್ಟಿನಲ್ಲಿ ನನಗೆ ಅದು ಒಂದು ಕಡೆ ಸಿಕ್ಕಿತು. ತಂದೆ ಬಿದರಿ ಕೆಲಸ ಮಾಡುವ ವಿದ್ಯಾರ್ಥಿನಿಯೊಬ್ಬರು ಹೀಗೆ ಬರೆದಿದ್ದಾರೆ: ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿಯನ್ನು ಕೂರಿಸಿದ ಮೇಲೆ, ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಂದಿಗೆ ನೀರಿಗೆ ಹಾಕಿ ಕಾಯಿಸಿ ಹಚ್ಚುತ್ತಾರೆ, ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ, ಅಪ್ಪ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ, ಆ ಮಣ್ಣು ಮುಗಿದರೆ ಬಿದರಿಯು ಬೀದರಿನದಾಗಿ ಉಳಿಯಲಾರದು. ಈ ಕೊನೆಯ ಮಾತನ್ನು ನಾನು ಒಪ್ಪುತ್ತೇನೆಂದಲ್ಲ, ಇದರೊಂದಿಗೆ ಜಗಳವಾಡಬಹುದು. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು, ಎಂದರೆ ಈ ವಸ್ತು ಈ ಊರಿನದೇ ಎಂಬ ಕಾನೂನಿನ ಮಾನ್ಯತೆ, ದೊರೆಯಿತೆಂಬ ಸಂಗತಿ ಉಳಿದವರಲ್ಲಿ ಇಸವಿಯಾಗಿ ಸುಮ್ಮನೆ ಕುಳಿತಿದೆ. ಇವರ ವಾದದ ಪಕ್ಕಕ್ಕೆ ತಂದರೆ ಅದೇ ಸಾಕ್ಷಿಯಾಗುತ್ತದೆ. ದುರದೃಷ್ಟವೆಂದರೆ, ಇಷ್ಟು ಒಳ್ಳೆಯ ಮಾತು ನಾಲ್ಕನೆಯ ಪುಟದ ನಡುವೆ ಅಡಗಿ ಕುಳಿತಿತ್ತು, ಮತ್ತು ಇವರ ಮೊದಲ ವಾಕ್ಯವೂ ‘ಬಿದರಿ ಕಲೆಯು ವಿಶ್ವಪ್ರಸಿದ್ಧವಾಗಿದೆ’ ಎಂದೇ ಇತ್ತು. ತನ್ನ ಮನೆಯಲ್ಲಿ ಕಂಡದ್ದು ಕಾಲೇಜಿನ ಬರವಣಿಗೆಗೆ ತಕ್ಕುದಲ್ಲವೆಂದು ಈ ಹುಡುಗಿಗೆ ಯಾರು ಹೇಳಿಕೊಟ್ಟರೋ! ಈ ಹುಡುಗಿಯ ಮೊಹರು ಇದ್ದದ್ದು ಅಲ್ಲಿಯೇ.

ವಾಕ್ಯಗಳ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಉದ್ದದ ವಾಕ್ಯದಲ್ಲಿ ಕರ್ತೃ ನಡುದಾರಿಯಲ್ಲಿ ಕೈಬಿಟ್ಟುಹೋಗುತ್ತದೆ. ‘ಬಿದರಿ ಕಲೆಯು ಬಹಮನಿ ಕಾಲದ ಕಲೆಯಾಗಿದ್ದು, ಕುಶಲಕರ್ಮಿಗಳು ಇದನ್ನು ತಯಾರಿಸಲ್ಪಡುತ್ತದೆ’ ಎಂಬ ವಾಕ್ಯದಲ್ಲಿ ಯಾರು ಯಾರನ್ನು ತಯಾರಿಸುತ್ತಿದ್ದಾರೆ? ‘ಬಿದರಿ ಬಹಮನಿ ಕಾಲದ ಕಲೆ. ಕುಶಲಕರ್ಮಿಗಳು ಇದನ್ನು ಕೈಯಿಂದಲೇ ಮಾಡುತ್ತಾರೆ’ ಎಂದರೆ ಯಾವ ನಷ್ಟವೂ ಇಲ್ಲ. ಈ ‘ಆಗಿದ್ದು’ ಎಂಬ ಕೊಂಡಿ ನಮಗೆ ಪತ್ರಿಕೆಗಳ ಬಳುವಳಿ. ಒಂದು ಪುಟದಲ್ಲಿ ಅದನ್ನು ಹನ್ನೊಂದು ಸಲ ಎಣಿಸಿ ಸುಮ್ಮನಾದೆ.

ಸಮಯವಾಯಿತೆಂದು ಚೀಟಿ ಬಂದಿದೆ. ಪ್ಯಾರಾಗಳ ಬಗ್ಗೆ, ಎರಡನೆಯ ಕರಡಿನ ಬಗ್ಗೆ ಎರಡೆರಡು ಪುಟ ಬರೆದು ತಂದಿದ್ದೆ. ಗವಾನನು ಅವನ್ನೂ ನುಂಗಿದ. ಒಂದು ಪ್ಯಾರಾದಲ್ಲಿ ಒಂದೇ ಮಾತನ್ನು ಬೆಳೆಸಿ. ಬೇರೆಯವರ ಮಾತನ್ನು ತಂದರೆ ಯಾರದು, ಯಾವ ಪುಟದ್ದು ಎಂದು ಅಲ್ಲಿಯೇ ಬರೆಯಿರಿ, ಅದು ಅವರ ಮೊಹರು. ಬರೆದದ್ದನ್ನು ಒಂದು ರಾತ್ರಿ ಬಿಟ್ಟು ಗಟ್ಟಿಯಾಗಿ ಓದಿಕೊಳ್ಳಿ.

ಅಸೈನ್‌ಮೆಂಟುಗಳನ್ನು ಹಿಂದಿರುಗಿಸುತ್ತಿದ್ದೇನೆ, ಅಂಕ ಹಾಕಿಲ್ಲ. ಒಂದರಲ್ಲಿ ‘ಕೆಳಗಿನ ಕೋಷ್ಟಕವನ್ನು ಗಮನಿಸಿ’ ಎಂದಿದೆ, ಕೆಳಗೆ ಕೋಷ್ಟಕವಿಲ್ಲ. ಆ ಮಿತ್ರರು ಯಾರೇ ಇರಲಿ, ಚಹಾ ಕುಡಿಯುವಾಗ ನನ್ನ ಪಕ್ಕದಲ್ಲಿ ಬಂದು ಕುಳಿತುಕೊಳ್ಳಬೇಕೆಂದು ಕೋರುತ್ತೇನೆ.